ಭಂಡಾರದ ಹೊರಗಿನ ಫೈಲು

ಅಣ್ಣಾ,

ಕ್ಷೇಮ ಸಮಾಚಾರ ಬರೆಯುವಷ್ಟು ಸಮಾಧಾನ ನನಗಿಲ್ಲ. ಅಂತರಜಾಲದ ನಿಮ್ಮ ಲಿನಕ್ಸ್ ವೇದಿಕೆಯಲ್ಲಿ ಹೋದ ತಿಂಗಳು ‘ಹೊಸಬಳು’ ಎಂಬ ಹೆಸರಿನಲ್ಲಿ ಒಬ್ಬಳು ಪ್ರಶ್ನೆ ಕೇಳಿದ್ದಳು, ನೆನಪಿದೆಯಾ? ಇರಲಿಕ್ಕಿಲ್ಲ. ನಾಲ್ಕೇ ನಿಮಿಷದಲ್ಲಿ ನೀನು ಅವಳ ಬಾಯಿ ಮುಚ್ಚಿಸಿದ್ದೆ. ಅವಳು ನಾನು.

ನನ್ನ ಒಂದು ಕೋಣೆಯ ಶ್ರವಣಯಂತ್ರದ ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದವನು ನೀನು. ನಾನೇನೂ ಕೇಳಿರಲಿಲ್ಲ. "ವೈರಸ್ ಕಾಟ ಇರಲ್ಲ, ಬೇಕಾದ್ದೆಲ್ಲ ಭಂಡಾರದಲ್ಲೇ ಇದೆ, ಒಂದು ಗುಂಡಿ ಒತ್ತಿದ್ರೆ ಬಂದುಬಿಡುತ್ತೆ" ಅಂದೆ ನೀನು. ಆ ಭಂಡಾರದೊಳಗೆ ಯಾವ ಪ್ರೋಗ್ರಾಂ ಸೇರಬೇಕು, ಯಾವುದು ಸೇರಬಾರದು ಎಂದು ತೀರ್ಮಾನಿಸುವ ನಾಲ್ಕು ಜನರಲ್ಲಿ ನೀನೂ ಒಬ್ಬ. ಕಿವಿ ಕೇಳದ ಗಿರಾಕಿಗಳ ಮುಂದೆಯೂ ಕೂಗಿ ಕೂಗಿ ಅದನ್ನು ಹೇಳಿಕೊಂಡಿದ್ದೇನೆ.

ಅಮ್ಮನ ಹಳೆಯ ಶ್ರವಣಯಂತ್ರ ಕೆಟ್ಟು ಹೊಸದು ಬಂತು. ಅದನ್ನು ಅವಳ ಕಿವಿಗೆ ಹೊಂದಿಸುವ ಪ್ರೋಗ್ರಾಂ ನಿನ್ನ ಭಂಡಾರದಲ್ಲಿ ಇರಲಿಲ್ಲ. ತಯಾರಕರು ಫೈಲು ಕಳಿಸಿದರು. ಅದು ತಾನು ಓಡಲು ಲೈಬ್ರರಿ ಎಂಬ ಇನ್ನೊಂದು ಸಹಾಯಕ ಫೈಲು ಬೇಕು ಅಂತು. ಆ ಲೈಬ್ರರಿ ಇನ್ನೊಂದರ ಹಳೆಯ ಆವೃತ್ತಿ ಕೇಳಿತು. ಹಳೆಯದನ್ನು ಹಾಕಿದೆ, ಪ್ರಿಂಟರ್ ನಿಂತಿತು. ಆಮೇಲೆ ಪರದೆಯೇ ಕಪ್ಪಾಗಿ, ಮೂಲೆಯಲ್ಲೊಂದು ಗೆರೆ ಮಿಣುಕುತ್ತಾ ಕೂತಿತು. ಏನು ತಪ್ಪಾಯಿತು ಎಂದು ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ. ಮೂರು ದಿನ ನಿನಗೆ ಫೋನ್ ಮಾಡಿದೆ. ಕೊನೆಗೆ ನೀನು ಎತ್ತಿ, "ಹೊರಗಿಂದ ಏನೂ ಹಾಕ್ಬೇಡ ಅಂತ ಬಡ್ಕೊಂಡಿದ್ನಲ್ಲ!" ಅಂದೆ. ನಾನು "ಅಮ್ಮ" ಅನ್ನುವಷ್ಟರಲ್ಲಿ ಲೈನ್ ಕಟ್ಟಾಗಿತ್ತು.

ಕಂಪ್ಯೂಟರಿಗೆ ಎಲ್ಲವನ್ನೂ ಮೊದಲಿಂದ ಹಾಕಿಕೊಂಡು ವೇದಿಕೆಗೆ ಬಂದೆ. ‘ಅಮ್ಮನಿಗೆ ಕಿವಿ ಕೇಳುವುದಿಲ್ಲ, ಈ ಫೈಲು ಹಾಕುವುದು ಹೇಗೆ?’ ಎಂದು ಬರೆದೆ. ಉತ್ತರದ ಕೆಳಗೆ ನಿನ್ನ ಹೆಸರಿತ್ತು. ‘ಭಂಡಾರದ ಹೊರಗಿನದಕ್ಕೆ ಇಲ್ಲಿ ಸಹಾಯವಿಲ್ಲ. ಕೈಪಿಡಿ ಓದಿ. ಚರ್ಚೆ ಮುಚ್ಚಲಾಗಿದೆ.’ ತಂಗಿಗೆ ಮೂರು ದಿನ ಸಿಗದವನು ಗುರುತಿಲ್ಲದವಳಿಗೆ ನಾಲ್ಕು ನಿಮಿಷದಲ್ಲಿ ಸಿಕ್ಕಿದ್ದೆ. ಓದಿ ನಗು ಬಂತು, ಆಮೇಲೆ ಅಳು.

ನೀನು ಹೇಳುವುದು ಪೂರ್ತಿ ಸುಳ್ಳಲ್ಲ, ಗೊತ್ತು. ಕಂಡಕಂಡವರ ಫೈಲು ನಂಬಬಾರದು. ಚಿಕ್ಕವರಿದ್ದಾಗ ಯಾರು ಏನು ತಿನ್ನಲು ಕೊಟ್ಟರೂ ಮೊದಲು ನೀನು ಕಚ್ಚಿ ನೋಡಿ, ಸ್ವಲ್ಪ ಹೊತ್ತು ಕಾದು, ಆಮೇಲೆ ನನ್ನ ಕೈಗಿಡುತ್ತಿದ್ದೆ. ಆ ಅಣ್ಣ ಎರಡು ಬಸ್ ಸ್ಟಾಪ್ ಆಚೆಯೇ ಇದ್ದಾನೆ. ಒಂದು ಸಲ ಬಂದು ಆ ಫೈಲನ್ನು ನೋಡಿದ್ದರೆ ಸಾಕಾಗಿತ್ತು.

ಕೊನೆಗೆ ದಾರಿ ತೋರಿಸಿದವನು ನೀವು ವೇದಿಕೆಯಿಂದ ಹೊರಹಾಕಿದ ಒಬ್ಬ ಜಗಳಗಂಟ. ನನ್ನ ಪ್ರಶ್ನೆ ಓದಿ, ಬೇಕಾದ ಲೈಬ್ರರಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಕಟ್ಟಿ ಕಳಿಸಿದ. ‘ನನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು’ ಎಂದು ಬರೆದಿದ್ದ. ನಂಬಿದೆ. ಎರಡು ಸಲ ಕ್ಲಿಕ್ ಮಾಡಿದೆ, ತೆರೆದುಕೊಂಡಿತು. ಏಳು ವಾರಗಳ ಮೇಲೆ ಅಮ್ಮ ಕುಕ್ಕರ್ ಶಿಳ್ಳೆಗೆ ಬೆಚ್ಚಿಬಿದ್ದು ಮಗುವಿನ ಹಾಗೆ ನಕ್ಕಳು.

ಈಗ ನಿನಗೆ ಹೇಳಲೇಬೇಕಾದ ಮಾತು. ಆ ಏಳು ವಾರವೂ ಅವಳು ಮನೆಯ ಫೋನಿನ ಪಕ್ಕದಲ್ಲೇ ಕೂರುತ್ತಿದ್ದಳು. "ಅವನು ಮಾಡ್ತಾನೇ ಇರ್ತಾನೆ ಕಣೇ, ನಂಗೆ ಕೇಳ್ಸಲ್ಲ ಅಷ್ಟೆ" ಅನ್ನುತ್ತಿದ್ದಳು. ನಾನೂ ಹೌದು ಎಂದು ತಲೆಯಾಡಿಸುತ್ತಿದ್ದೆ. ಯಂತ್ರ ಹೊಂದಿಸಿದ ಮೇಲೂ ಒಂಬತ್ತು ದಿನ ಅಲ್ಲೇ ಕೂತಳು. ಪಕ್ಕದ ಮನೆಯ ಗಂಟೆ, ಬೀದಿಯ ಹಾರ್ನ್, ನಲ್ಲಿಯ ಹನಿ, ಎಲ್ಲ ಕೇಳಿಸಿತು. ನಿನ್ನೆ ಯಂತ್ರವನ್ನು ಕಿವಿಯಿಂದ ತೆಗೆದು ಡಬ್ಬಿಯೊಳಗಿಟ್ಟು ನನ್ನ ಕೈಗೆ ಕೊಟ್ಟಳು. "ಎತ್ತಿಡು, ಮೊದ್ಲೇ ಚೆನ್ನಾಗಿತ್ತು" ಅಂದಳು.

ಈ ಪತ್ರಕ್ಕೆ ಉತ್ತರ ಬೇಡ. ಸಂಜೆ ಆರಕ್ಕೆ ಮನೆಗೆ ಫೋನ್ ಮಾಡು. ಯಂತ್ರ ಅವಳ ಕಿವಿಯಲ್ಲಿರುವಂತೆ ನಾನು ನೋಡಿಕೊಳ್ಳುತ್ತೇನೆ.

ನಿನಗೆ ಒಳ್ಳೆಯದಾಗಲಿ. ಇದು ಅಮ್ಮನ ಆಶೀರ್ವಾದ. ನನ್ನ ಬಾಯಿಂದ ಇನ್ನೂ ಹೊರಡುತ್ತಿಲ್ಲ.

ಇಂತಿ,
ನೀನು ಚರ್ಚೆ ಮುಚ್ಚಿದ ತಂಗಿ