ಹೊಸ ಮೇಣದಬತ್ತಿ

ನೀಡರ್‌ಬಾಖ್,
12 ನವೆಂಬರ್ 1983

ನನ್ನ ಮುದ್ದು ಅಮ್ಮಾ,

ಬೈಯಬೇಡ! ಮದುವೆಯಾಗಿ ಏಳು ವಾರ, ನಿನಗೆ ಒಂದೇ ಒಂದು ಕಾರ್ಡು. ಗೊತ್ತು, ಗೊತ್ತು! ದ್ರಾಕ್ಷಿ ಕೊಯ್ಲು ಮುಗಿದದ್ದೇ ಹೋದ ವಾರ. ಪೆನ್ನು ಹಿಡಿದರೆ ಬೆರಳೆಲ್ಲ ಅಂಟು. ಎಷ್ಟು ಸುಖವಾಗಿದ್ದೇನೆಂದರೆ ಬರೆಯಲು ನಾಚಿಕೆ. ವೆಂಡೆಲ್ ನನಗಿಂತ ಮೊದಲೇ ಎದ್ದು ಒಲೆ ಹೊತ್ತಿಸುತ್ತಾನೆ, ಆಮೇಲೆ ತಣ್ಣನೆಯ ಕೈಯನ್ನು ನನ್ನ ಕುತ್ತಿಗೆಗಿಟ್ಟು ಎಬ್ಬಿಸುತ್ತಾನೆ. ದುಷ್ಟ! ಇಂಥ ಗಂಡನನ್ನು ಯಾರಿಗೂ ಕೊಡಲಾರೆ.

ನಿನ್ನೆ ಸಂತ ಮಾರ್ಟಿನರ ಹಬ್ಬ. ತಲೆನೋವು, ಮನೆಯಲ್ಲೇ ಇರುತ್ತೇನೆ ಎಂದೆ. ಅತ್ತೆ ಕೇಳಬೇಕಲ್ಲ! ಈ ಊರಲ್ಲಿ ಮಕ್ಕಳ ಗೂಡುದೀಪದ ಮೆರವಣಿಗೆಯ ತುದಿಯಲ್ಲಿ ಆ ವರ್ಷದ ಮದುಮಗಳು ಕೊಟ್ಟಿಗೆಯ ಲಾಟೀನು ಹಿಡಿದು ನಡೆಯಬೇಕು. ಯಾವ ಮಗುವಿನ ದೀಪ ಆರಿದರೂ ಅವಳೇ ಹಚ್ಚಿಕೊಡಬೇಕು.

"ಮೂವತ್ತು ವರ್ಷದ ಹಿಂದೆ ನಂಗೂ ತಲೆನೋವಿತ್ತು," ಎಂದರು ಅತ್ತೆ. "ಕೋಟು ಹಾಕ್ಕೋ. ಒಂದು ಮಗೂನೂ ನಿನ್ನ ಹಿಂದೆ ಉಳೀಬಾರದು, ತಿಳೀತಾ?"

ಈ ಸಲ ಕುದುರೆಯೇರಿ ಸಂತನಾದವನು ನಮ್ಮ ಅಂಚೆಯವನು. ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಭಿಕ್ಷುಕನಿಗೆ ಅರ್ಧ ಕೊಡಬೇಕಲ್ಲ, ಅವನ ಹೆಂಡತಿ ನಡುವಿನ ಹೊಲಿಗೆಯನ್ನು ಗಟ್ಟಿಯಾಗಿ ಹಾಕಿಬಿಟ್ಟಿದ್ದಳು. ಎಳೆದ, ಜಗ್ಗಿದ, ಹರಿಯಲೊಲ್ಲದು!

"ಬೇಗ ಕೊಡೋ ಮಾರಾಯ, ನಂಗೆ ನಿಜವಾಗ್ಲೂ ಚಳಿ ಆಗ್ತಿದೆ!" ಎಂದು ಭಿಕ್ಷುಕ ಕೂಗಿದ. ನಾನೂ ನಕ್ಕೆ ಅಮ್ಮಾ, ಎಲ್ಲರಿಗಿಂತ ಜೋರಾಗಿ.

ಹೊಳೆಯ ಹತ್ತಿರ ಮಂಜು ಇಳಿದಿತ್ತು. ಮಕ್ಕಳ ಹಾಡು ಆಗಲೇ ಮುಂದೆ ಸಾಗಿತ್ತು. ಸೇತುವೆಯ ಗೋಡೆಗೆ ಒರಗಿ ಪುಟ್ಟ ಹುಡುಗನೊಬ್ಬ ನಿಂತಿದ್ದ. ಕೈಯಲ್ಲಿ ಹೆಬ್ಬಾತಿನ ಆಕಾರದ ಗೂಡುದೀಪ, ಆರಿತ್ತು.

"ಯಾಕೋ ಮರಿ, ನಿಂತ್ಬಿಟ್ಟೆ?"

"ಅಕ್ಕ ನಿಲ್ಲು ಅಂದ್ಲು. ಬರ್ತಾಳೆ."

ಬಗ್ಗಿ ನನ್ನ ಲಾಟೀನಿನಿಂದ ಹಚ್ಚಿಕೊಟ್ಟೆ. ಒಳಗಿದ್ದದ್ದು ಬೆರಳಿನ ಗೆಣ್ಣಿನಷ್ಟು ಮೇಣ. ಅವನು ನನ್ನ ತೋರುಬೆರಳು ಹಿಡಿದುಕೊಂಡ. ನಾನು ಹಾಡುತ್ತಲೇ ಅವನನ್ನು ಮೆರವಣಿಗೆ ಮುಗಿಯುವ ದೊಡ್ಡ ಬೆಂಕಿಯವರೆಗೂ ಕರೆತಂದೆ. ಅಲ್ಲಿ ಅತ್ತೆ ಮಕ್ಕಳಿಗೆ ಗೊಂಬೆಯಾಕಾರದ ಸಿಹಿರೊಟ್ಟಿ ಹಂಚುತ್ತಿದ್ದರು. ಅವನ ಪಾಲಿಗೆ ಕೈಚಾಚಿ ತಿರುಗಿದೆ. ಪಕ್ಕದಲ್ಲಿ ಯಾರೂ ಇಲ್ಲ.

"ಹೆಬ್ಬಾತು ಹಿಡಿದಿದ್ದ ಹುಡುಗ ಎಲ್ಲಿ ಅತ್ತೆ?"

"ಯಾವ ಹೆಬ್ಬಾತೇ? ಈ ಸಲ ಟೀಚರಮ್ಮ ಎಲ್ಲರ ಕೈಲೂ ಚಂದ್ರನ್ನೇ ಮಾಡಿಸಿದಾರಲ್ಲ."

ವೆಂಡೆಲ್ ನಗುತ್ತ ಬಂದ. "ಒಬ್ಬಳೇ ಹಾಡ್ಕೊಂಡು ಬಂದೆ, ಸರಿ. ಬೆರಳು ಯಾಕೆ ಹಾಗೆ ಚಾಚ್ಕೊಂಡಿದ್ದೆ?"

ಆ ಬೆರಳು ಇನ್ನೂ ಬೆಚ್ಚಗಾಗಿಲ್ಲ.

ಇರಲಿ! ಕ್ರಿಸ್‌ಮಸ್‌ಗೆ ಬಾ, ನಿನ್ನನ್ನು ಅಪ್ಪಿಕೊಂಡು ಉಸಿರುಗಟ್ಟಿಸುತ್ತೇನೆ. ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ಮನಸ್ಸಿಗೆ ನೆಮ್ಮದಿ ಕೊಡಲಿ.

ನಿನ್ನ,
ಲೇನಿ

ಮರೆತಿದ್ದು: ಇಲ್ಲ, ಮರೆತದ್ದಲ್ಲ. ಏಳು ವಾರ ಕಾಗದ ಬರೆಯದಿದ್ದದ್ದು ದ್ರಾಕ್ಷಿಯಿಂದಲೂ ಅಲ್ಲ. ನಮ್ಮ ಪುಟ್ಟ ಕ್ಲೆಮೆನ್ಸ್‌ನ ಹೆಬ್ಬಾತಿನ ದೀಪ ಇನ್ನೂ ನಿನ್ನ ಅಡುಗೆಮನೆಯ ಬೀರುವಿನ ಮೇಲಿದೆ. ಹದಿನೈದು ವರ್ಷದಿಂದ ಅದರ ಧೂಳು ಒರೆಸುತ್ತ ನೀನು ಅದನ್ನೇ ಹೇಳುತ್ತೀ: "ಹೊಸ ಮೇಣದಬತ್ತಿ ಚಿಕ್ಕವನಿಗೇ ಇಟ್ಟೆ ಅನ್ಕೊಂಡಿದ್ದೆ. ಕೈತಪ್ಪಿ ಹಳೇ ತುಂಡು ಇಟ್ಬಿಟ್ಟೆ. ಬೆಳಕಿದ್ದಿದ್ರೆ ಮಗು ಹೊಳೆಗೆ ಬೀಳ್ತಿರ್ಲಿಲ್ಲ."

ನಿನ್ನ ಕೈ ತಪ್ಪಲಿಲ್ಲ ಅಮ್ಮಾ. ಹೊಸದನ್ನು ನೀನು ಅವನಿಗೇ ಇಟ್ಟಿದ್ದೆ. ನಮ್ಮೂರ ಸೇತುವೆಯ ಮೇಲೆ ಆರಿದ್ದು ನನ್ನ ತುಂಡು. ನನಗೆ ಎಂಟು ವರ್ಷ, ಅವನಿಗೆ ನಾಲ್ಕು. ಉರಿಯುತ್ತಿದ್ದ ಅವನ ಬತ್ತಿಯನ್ನು ನನ್ನ ದೀಪಕ್ಕೆ ಹಾಕಿಕೊಂಡು, ಆರಿದ ತುಂಡನ್ನು ಅವನದಕ್ಕಿಟ್ಟು, "ಇಲ್ಲೇ ನಿಲ್ಲು, ಬಂದೆ" ಎಂದು ಹಾಡಿನ ಹಿಂದೆ ಓಡಿದೆ.

ನೀನಿಟ್ಟ ಮೇಣದಬತ್ತಿ ಕೊನೆಯವರೆಗೂ ಆರಲೇ ಇಲ್ಲ. ಅದು ನನ್ನ ಕೈಯಲ್ಲಿತ್ತು.