ನನ್ನ ಬದಲು ಗುಣವಾದ ದವಡೆ

ದವಡೆ ಮತ್ತು ಮುಖದ ಗಾಯಗಳ ಸಂಶೋಧನಾ ಯೋಜನೆಯ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ದವಡೆಯ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದೆ ಎಂದು ತಾವು ಶಿವಮೊಗ್ಗದಲ್ಲಿ ಸಭೆ ಕರೆದು ಘೋಷಿಸಿದ್ದೀರಿ. ಸಂತೋಷ. ಆದರೆ ಅದು ನಡೆದದ್ದು ನನಗಲ್ಲ, ನನ್ನ ದವಡೆಯ ಪ್ಲಾಸ್ಟರ್ ಅಚ್ಚಿಗೆ. ಈ ಸಣ್ಣ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರಲು ಅಲೆದಲೆದು ಚಪ್ಪಲಿ ಸವೆದದ್ದರಿಂದ, ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಭದ್ರಾವತಿಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ನುಡಿಸುವವನು. ಒಂದು ಮದುವೆ ಮುಗಿಸಿ ಟೆಂಪೋದಲ್ಲಿ ಮರಳುವಾಗ, ಮಲವಗೊಪ್ಪದ ಬಳಿ ಹಂಪ್ ಹಾರಿದ ರಭಸಕ್ಕೆ ನಮ್ಮದೇ ದೊಡ್ಡ ಡ್ರಮ್ಮು ನನ್ನ ಮುಖದ ಮೇಲೆ ಬಿತ್ತು. ಮೂಳೆ ಕೂಡಿತು, ಆದರೆ ಸೊಟ್ಟಗೆ. ಈಗ ಮೇಲಿನ ಹಲ್ಲು ಒಂದು ದಿಕ್ಕಿಗಿದೆ, ಕೆಳಗಿನದು ಇನ್ನೊಂದು ದಿಕ್ಕಿಗೆ. ಕ್ಲಾರಿಯೋನೆಟ್ ಕಚ್ಚಿ ಊದಿದರೆ ಗಾಳಿಯೆಲ್ಲ ತುಟಿಯ ಅಂಚಿನಲ್ಲೇ ಸೋರಿಹೋಗಿ ಕುಕ್ಕರ್ ಬುಸುಗುಟ್ಟಿದಂತಾಗುತ್ತದೆ. ಬ್ಯಾಂಡಿನ ಯಜಮಾನ ಮುಸ್ತಕೀಮ್ ಒಳ್ಳೆಯವರು. “ಪುಟ್ಟಪ್ಪಣ್ಣ, ಬಾಯಿ ಸರಿಯಾಗೋ ತನಕ ತಾಳ ಹಿಡ್ಕೊಳ್ಳಿ. ಆದ್ರೆ ಲಗ್ನದ ಸೀಸನ್ ಶುರುವಾದ್ರೆ ನಿಮ್ಮ ಜಾಗಕ್ಕೆ ಒಬ್ಬರನ್ನ ಖಾಯಂ ಮಾಡ್ಲೇಬೇಕಾಗುತ್ತೆ” ಎಂದರು.

ಆಗ ಸಿಕ್ಕಿದ್ದು ತಮ್ಮ ಯೋಜನೆ. ಕಿರಿಯ ವೈದ್ಯೆ ಕವನ ನನ್ನ ಬಾಯಿಗೆ ಹಿಟ್ಟಿನಂಥದ್ದೇನೋ ತುಂಬಿ ಅಚ್ಚು ತೆಗೆದು, “ಮೊದ್ಲು ಪ್ಲಾಸ್ಟರ್ ದವಡೆ ಕೊಯ್ದು ಜೋಡಿಸಿ ನೋಡ್ತೀವಿ, ಅದು ಸರಿಯಾಗಿ ಕೂತ್ರೆ ನಿಮಗೂ ಹಾಗೇ ಮಾಡ್ತೀವಿ” ಎಂದರು. ನ್ಯಾಯವಾದ ಮಾತು. ಪ್ಲಾಸ್ಟರ್ ದವಡೆ ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ, ತಾವು ಅದರ ಫಲಿತಾಂಶವನ್ನೇ ನನ್ನ ಹೆಸರಿಗೆ ಬರೆದು ಅಧ್ಯಯನ ಮುಗಿಸಿಬಿಟ್ಟಿರಿ. ಕವನ ಅವರಿಗೂ ಬೇರೆ ಊರಿಗೆ ವರ್ಗವಾಯಿತು.

ಆಮೇಲೆ ತಮ್ಮ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ಊತ ಇಳಿಯಿತೇ ಎಂದು ವಿಚಾರಿಸಿದಳು. ನನ್ನ ಹೆಂಡತಿ ಯಲ್ಲಮ್ಮ ಫೋನ್ ಕಸಿದುಕೊಂಡು, “ಆಪರೇಷನ್ನೇ ಆಗಿಲ್ವಲ್ಲ ಮಾರಾಯ್ತಿ, ಇವರಿನ್ನೂ ಗಂಜಿ ಕುಡೀತಿದಾರೆ” ಎಂದಳು. “ಆಪರೇಷನ್ ಆದೋರಿಗೆ ಗಂಜಿನೇ ಒಳ್ಳೇದು ಮೇಡಂ” ಎಂದು ಆ ಹುಡುಗಿ ಫೋನ್ ಇಟ್ಟಳು. ನಾನೇ ಹೋಗಿ ಗುಮಾಸ್ತ ವಿಜಯಕುಮಾರ್ ಅವರ ಮುಂದೆ ಬಾಯಿ ತೆರೆದು ನಿಂತೆ. ಅವರು ಬಗ್ಗಿ ನೋಡಿದರು. ಗಾಜಿನ ಬೀರುವಿನಲ್ಲಿದ್ದ ಪ್ಲಾಸ್ಟರ್ ದವಡೆಯನ್ನೂ ನೋಡಿದರು. “ಗುಣವಾದ ದವಡೆಗೆ ಇನ್ನೊಂದ್ಸಲ ಆಪರೇಷನ್ ಮಾಡೋಕೆ ಅವಕಾಶ ಇಲ್ಲ ಪುಟ್ಟಪ್ಪನೋರೇ. ನೀವೇ ಸ್ವಲ್ಪ ಅದಕ್ಕೆ ಹೊಂದ್ಕೊಳ್ಳೋ ಪ್ರಯತ್ನ ಮಾಡಿ” ಎಂದರು. ದವಡೆ ನನ್ನದೋ, ನಾನು ದವಡೆಯವನೋ, ತಾವಾದರೂ ಹೇಳಬಲ್ಲಿರಾ?

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಶಿವಮೊಗ್ಗದ ಆ ಘೋಷಣೆಯ ಸಮಾರಂಭಕ್ಕೆ ತಾವು ಕರೆಸಿದ್ದು ನಮ್ಮದೇ ಬ್ಯಾಂಡನ್ನು. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನಲ್ಲಿ ನನ್ನ ದವಡೆ ಕೂತಿತ್ತು, ಕೆಳಗೆ ತಾಳ ಹಿಡಿದು ನಾನು ನಿಂತಿದ್ದೆ. ಅತಿಥಿಗಳು ಪರದೆ ಸರಿಸಿದೊಡನೆ ಮುಸ್ತಕೀಮ್ ಕೈ ಎತ್ತಿದರು. ನನ್ನ ಜಾಗದಲ್ಲಿ ಮಾಚೇನಹಳ್ಳಿಯ ಧರ್ಮೇಂದ್ರ ಕ್ಲಾರಿಯೋನೆಟ್ ಊದಿದ. ಚೆನ್ನಾಗಿಯೇ ಊದಿದ, ಅದಕ್ಕೇ ಹೊಟ್ಟೆ ಉರಿಯಿತು. ನಾನು ಗುಣವಾದ ಸಂಭ್ರಮಕ್ಕೆ ನಾನೇ ತಾಳ ಬಡಿದೆ. ಆಮೇಲೆ ಎಲ್ಲರಿಗೂ ಚಕ್ಕುಲಿ ಹಂಚಿದರು. ನನ್ನ ಪಾಲಿನದು ಇನ್ನೂ ಜೇಬಿನಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ಇದು. ಲಗ್ನಗಳು ಶುರುವಾಗುವ ಮುನ್ನ ಪ್ಲಾಸ್ಟರಿಗೆ ಮಾಡಿದ್ದನ್ನು ನನಗೂ ಮಾಡಿ. ಆಗದಿದ್ದರೆ, ಮೊದಲ ಮೆರವಣಿಗೆಗೆ ಆ ದವಡೆಯನ್ನೇ ಭದ್ರಾವತಿಗೆ ಕಳಿಸಿಕೊಡಿ. ನನ್ನ ಕೆಂಪು ಕೋಟು, ಟೋಪಿ, ಕ್ಲಾರಿಯೋನೆಟ್ ಎಲ್ಲವನ್ನೂ ಅದರ ಮುಂದಿಡುತ್ತೇನೆ. ಮದುಮಗ ಕುದುರೆ ಹತ್ತಿದ ಮೇಲೆ ಅದು ಒಂದೇ ಒಂದು ಹಾಡು ನುಡಿಸಲಿ. ನುಡಿಸಿದರೆ ನಾನು ಗುಣವಾಗಿದ್ದೇನೆಂದು ಒಪ್ಪಿಕೊಂಡು, ಬದುಕಿರುವ ತನಕ ಅದರ ಪಕ್ಕದಲ್ಲಿ ತಾಳ ಹಿಡಿದು ನಿಲ್ಲುತ್ತೇನೆ.

ಇಂತಿ,
ತಮ್ಮ ದಾಖಲೆಯಲ್ಲಿ ಚಕ್ಕುಲಿ ತಿನ್ನುತ್ತಿರುವ,
ಪುಟ್ಟಪ್ಪ
ಕ್ಲಾರಿಯೋನೆಟ್ ವಾದಕ, ಸದ್ಯಕ್ಕೆ ತಾಳ
ಭದ್ರಾವತಿ