ಗಾಳಿ ನಿಲ್ಲುವವರೆಗೆ

ಧೂಳುಗಾಲದ ಹತ್ತೊಂಬತ್ತನೆಯ ದಿನ, ಇಸವಿ ೨೧೯೧
ಕೃಷ್ಣಾ ದಂಡೆಯ ಊರು, ವಿಜಯಪುರ ಜಿಲ್ಲೆ

ಹಿಂದಿನ ಕಾಲದ ಬಂಧುಗಳೇ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಮನ್ನಿಸಿ. ನಿಮಗೆ ಆರು ಋತುಗಳು, ನಮಗೆ ಏಳು. ಬೇಸಿಗೆ ಮುಗಿದು ಮಳೆ ಹಿಡಿಯುವ ಮೊದಲು ಆಕಾಶ ಕೆಂಪಗೆ ಕದಡಿರುವ ದಿನಗಳನ್ನು ನಾವು ಧೂಳುಗಾಲ ಎನ್ನುತ್ತೇವೆ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ನಾನು ಕಸ್ತೂರಿಬಾಯಿ, ಹೊಲಿಗೆ ಕೆಲಸದವಳು. ಬರೆಯುತ್ತಿರುವುದು ನನ್ನ ಮಗಳು ದಾನಮ್ಮನ ವಿಷಯ.

ದಾನಮ್ಮ ನೆಗೆಬಂಡಿಯ ಚಾಲಕಿ. ನಿಂತ ಜಾಗದಿಂದಲೇ ನೇರ ಮೇಲೇಳುವ ಸಣ್ಣ ವಿಮಾನವದು; ನಮ್ಮ ಕಾಲದ ಬಸ್ಸು ಎಂದುಕೊಳ್ಳಿ. ಅದನ್ನು ಕಲಿಯಹೋದವರು ಮೊದಲ ವರ್ಷವಿಡೀ ಬಂಡಿ ಮುಟ್ಟುವಂತಿಲ್ಲ. ಗಾಳಿಮನೆ ಎಂಬ ಶಾಲೆಯಲ್ಲಿ ಹವಾಮಾನವನ್ನಷ್ಟೇ ಕಲಿಯಬೇಕು. ಯಾವ ಮೋಡದೊಳಗೆ ಗಾಳಿ ಮೇಲೇರುತ್ತದೆ, ಯಾವುದರ ಕೆಳಗೆ ನೆಲಕ್ಕೆ ಬಡಿಯುತ್ತದೆ, ಮಂಜು ಯಾವಾಗ ಕರಗುತ್ತದೆ ಎಂಬುದೇ ಪಾಠ. ಅಲ್ಲದೆ ದಿನಾ ಬೆಳಿಗ್ಗೆ ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಓಣಿಗೆ ಹೋಗಿ ಅಂದಿನ ಹವೆ ಹೇಳಬೇಕು. ಅದನ್ನು ನಂಬಿ ಜನ ಬಟ್ಟೆ ಒಗೆಯುತ್ತಾರೆ, ಹಪ್ಪಳ ಹಾಕುತ್ತಾರೆ. ತಪ್ಪಿದರೆ ಬೈಗುಳ ತಪ್ಪದು.

ಒಮ್ಮೆ ದಾನಮ್ಮ ಮಳೆಯಿಲ್ಲ ಎಂದಳು. ನಮ್ಮ ಓಣಿಯ ಗುರುಲಿಂಗಪ್ಪ ದ್ರಾಕ್ಷಿ ಒಣಹಾಕಿದ. ಮಧ್ಯಾಹ್ನದ ಮಳೆಗೆ ಎಲ್ಲ ಕೊಳೆತುಹೋಯಿತು. ಇವಳೇ ಅವನ ಮನೆಗೆ ಹೋಗಿ ತಪ್ಪಾಯಿತೆಂದರೆ ಅವನು ಬಾಗಿಲು ಹಾಕಿಕೊಂಡ. ಅಂದಿನಿಂದ ಹುಡುಗಿ ಉಣ್ಣುವ ತಟ್ಟೆಯನ್ನೂ ಮಾಳಿಗೆಗೆ ಒಯ್ದು ಪಡುವಣವನ್ನೇ ನೋಡುತ್ತ ಕೂರುತ್ತಿದ್ದಳು.

ಹೋದ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿತು. ದಾನಮ್ಮ ಚಾಲಕಿಯಾಗಿ ತಿಂಗಳೂ ಆಗಿರಲಿಲ್ಲ. ಹೊಲದ ಕೆಲಸಕ್ಕೆ ಹೋಗಿದ್ದ ಎಂಟು ಮಂದಿ ನಡುಗಡ್ಡೆಯಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಗುರುಲಿಂಗಪ್ಪನ ಹೆಂಡತಿ ಶಾಂತವ್ವನೂ ಇದ್ದಳು. ಹತ್ತಿರದಲ್ಲಿದ್ದದ್ದು ದಾನಮ್ಮನ ಬಂಡಿಯೊಂದೇ. ಓಣಿಗೆ ಓಣಿಯೇ ದಂಡೆಗೆ ಬಂದು ನಿಂತಿತು. ದಾನಮ್ಮ ಬಂಡಿಯೊಳಗೆ ಕೂತು ಮೋಡ ನೋಡುತ್ತಿದ್ದಳೇ ಹೊರತು ಮೇಲೇಳಲಿಲ್ಲ. ನೀರು ಏರುತ್ತಿತ್ತು. ಹೇಡಿ ಎಂದು ಯಾರೋ ಕೂಗಿದರು. ಗುರುಲಿಂಗಪ್ಪ ನನ್ನ ಮುಂದೆ ಕೈ ಮುಗಿದ. “ಆಕಿ ಮಾತು ನಂಬಿ ಒಮ್ಮೆ ಕೆಟ್ಟೀನಿ. ನೀನಾರ ಹೇಳು, ತಂಗಿ.”

ನಾನು ಹೋಗಿ, ಹೊರಡು ಮಗಳೇ ಎಂದು ಅಂಗಲಾಚಿದೆ.

“ಅವ್ವಾ, ಈ ಮೋಡದ ಕೆಳಗಿನ ಗಾಳಿ ಬಂಡೀನ ನೀರಿಗೆ ಒತ್ತತೈತಿ,” ಎಂದಳು. “ಇದು ಸುರಿದು ಖಾಲಿ ಆಗಲಿ. ಇದರ ಹಿಂದಿನ ಮೋಡ ಬರೂದರೊಳಗ ಸ್ವಲ್ಪ ಹೊತ್ತು ಗಾಳಿ ನಿಲ್ಲತೈತಿ. ಆಗ ಹೋಗತೀನಿ.”

ಮಳೆ ಹೊಡೆಯಿತು. ಆಚೆ ಶಾಂತವ್ವ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು. ಗುರುಲಿಂಗಪ್ಪ ಕೆಸರಲ್ಲಿ ಕೂತುಬಿಟ್ಟ. ಆಮೇಲೆ ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಯಿತು. ನನ್ನ ಸೆರಗು ನಿಶ್ಚಲವಾದದ್ದು ನನಗೆ ತಿಳಿಯುವಷ್ಟರಲ್ಲಿ ಬಂಡಿ ನದಿಯ ಮೇಲಿತ್ತು. ಎಂಟು ಮಂದಿಯನ್ನೂ ಕರೆತಂದು ಇಳಿಸಿದಳು. ಕೊನೆಯವರು ದಂಡೆ ಹತ್ತುವಾಗ ಎರಡನೆಯ ಬಿರುಗಾಳಿ ಬಂದು ಬಡಿಯಿತು.

ಗುರುಲಿಂಗಪ್ಪ ಹೆಂಡತಿಯ ಕೈ ಹಿಡಿದುಕೊಂಡೇ ದಾನಮ್ಮನ ಎದುರು ಬಂದ. ಕೇಳಿದ, “ನಾಳೆ ಹವಾ ಹ್ಯಾಂಗೈತಿ, ಮಗಳ?”

ಅವಳು ನನ್ನ ಮಾತನ್ನೂ ಕೇಳದೆ ಕೂತಿದ್ದ ಆ ಹೊತ್ತನ್ನು ನಾನು ಇಂದಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ. ನಿಮ್ಮಲ್ಲಿ ಒಂದೇ ಕೋರಿಕೆ. ವಿಮಾನ ಕಲಿಯಹೋದ ನಿಮ್ಮ ಮಕ್ಕಳು ಇನ್ನೂ ನೆಲದ ಮೇಲೆಯೇ ಕೂತು ಮೋಡದ ಪಾಠ ಓದುತ್ತಿದ್ದರೆ ಅವಸರ ಮಾಡಬೇಡಿ, ಹಂಗಿಸಬೇಡಿ. ಅವರು ಕಲಿತದ್ದೇ ಕೈಯಿಂದ ಕೈಗೆ ದಾಟಿ ನಮ್ಮ ಗಾಳಿಮನೆಗೆ ಬಂದಿದೆ. ಅವರಿಗೆ ಈ ತಾಯಿಯ ಶರಣು ತಿಳಿಸಿ.